ಗುರುಗ್ರಹದ ಸಾಬೂ, ಸಾತಪುರದ ನಾವು

ನಮ್ಮ ಸಾತಪುರದ ಕನ್ನಡಿಗರಿಗೆ ಜಗಳಕ್ಕೆ ವಿಷಯದ ಬರ ಎಂದೂ ಬಂದದ್ದಿಲ್ಲ. ರಾಜ್ಯೋತ್ಸವಕ್ಕೆ ಅತಿಥಿಗಳಾಗಿ ಯಾರನ್ನು ಕರೆಯಬೇಕು, ಊಟಕ್ಕೆ ಬಿಸಿಬೇಳೆ ಭಾತೋ ಜೋಳದ ರೊಟ್ಟಿಯೋ, ವಂತಿಗೆ ಬಾಕಿ ಇಟ್ಟವರ ಹೆಸರನ್ನು ಫಲಕಕ್ಕೆ ಹಚ್ಚಬೇಕೋ ಬೇಡವೋ, ಇವೆಲ್ಲ ಹಬ್ಬಗಳ ಹಾಗೆ ವರ್ಷವೂ ತಪ್ಪದೆ ಬರುತ್ತವೆ. ಆದರೆ ಕಳೆದೆರಡು ವರ್ಷಗಳಿಂದ ನಮ್ಮಲ್ಲಿ ಕಾವೇರಿರುವ ವಾದವೇ ಬೇರೆ. ಗ್ರಹಗಳನ್ನು ತಿಂದು ಬದುಕುವ ಗಲ್ಯಾಕ್ಟಸ್ ಎಂಬಾತ ದುಷ್ಟನೋ, ಬರಿಯ ಹಸಿದವನೋ? ಫ್ಯಾಂಟಮ್‌ಗೆ ಈಗ ವಯಸ್ಸೆಷ್ಟು? ಚಾಚಾ ಚೌಧರಿಯ ಮನೆಯಲ್ಲಿರುವ ಸಾಬೂ ತನ್ನ ಗ್ರಹಕ್ಕೆ ಯಾಕೆ ಹಿಂತಿರುಗಲಿಲ್ಲ? ವಾದಿಸುವವರಲ್ಲಿ ಏಳನೆಯ ಇಯತ್ತೆಯ ಹುಡುಗರಿದ್ದಾರೆ, ನಿವೃತ್ತರಾದ ಮಾಸ್ತರರಿದ್ದಾರೆ, ನಡುವೆ ನಮ್ಮಂಥ ನಲವತ್ತು ದಾಟಿದ ಗುಮಾಸ್ತರೂ ಇದ್ದೇವೆ.

ಮಹಾನಗರದ ಓದುಗ ಬಾಂಧವರಿಗೆ ಸಾತಪುರದ ಪರಿಚಯ ಇರಲಿಕ್ಕಿಲ್ಲ. ನಾಸಿಕದಿಂದ ತ್ರ್ಯಂಬಕೇಶ್ವರಕ್ಕೆ ಹೋಗುವ ರಸ್ತೆಯ ಮೇಲಿನ ಕಾರ್ಖಾನೆಗಳ ಊರು ಇದು. ಕನ್ನಡಿಗರು ಇಲ್ಲಿಗೆ ಒಂದೇ ಗಾಡಿಯಲ್ಲಿ ಬಂದಿಳಿದವರಲ್ಲ. 1964ರಲ್ಲಿ ಹತ್ತಿರದ ಓಝರ್‌ನಲ್ಲಿ ವಿಮಾನ ಕಾರ್ಖಾನೆ ಆದ ಮೇಲೆ ಎಚ್.ಎ.ಎಲ್. ನಂಟಿನವರು ಬಂದರು. ಬೆಂಗಳೂರಿನ ಮೈಕೋ ಕಂಪನಿ, 2008ರಿಂದ ಬಾಷ್ ಎಂದು ಹೆಸರಾದದ್ದು, ಸಾತಪುರದಲ್ಲಿ ಕಾರ್ಖಾನೆ ತೆರೆದಾಗ ಇನ್ನಷ್ಟು ಜನ ಬಂದರು. ಕರಾವಳಿಯವರು ಹೋಟೆಲಿನ ಹಿಂದೆ ಬಂದರು. ಈಚಿನ ವರ್ಷಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯವರು ಕಟ್ಟಡದ ಕೆಲಸಕ್ಕೆ ಬರುತ್ತಿದ್ದಾರೆ; ಅವರು ಒಂದು ಕಟ್ಟಡ ಮುಗಿದರೆ ಮುಂದಿನ ಊರಿಗೆ ಹೋಗುವವರು. ನಾವು ತಂದೆಯವರ ಕೈಹಿಡಿದು ಇಲ್ಲಿಗೆ ಬಂದು, ಇಲ್ಲಿಯೇ ಬಿ.ಎಸ್ಸಿ. ಮುಗಿಸಿ, ಕೇಂದ್ರ ಸರ್ಕಾರದ ಕಚೇರಿಯೊಂದರಲ್ಲಿ ಆವಕ-ಜಾವಕ ಪುಸ್ತಕ ನೋಡಿಕೊಂಡಿರುವವರು. ಭೌತಶಾಸ್ತ್ರ ಓದಿದ್ದರ ಪ್ರಯೋಜನವೇನೆಂದು ಮನೆಯವರು ಆಗಾಗ ಕೇಳುವುದುಂಟು. ಸೂಪರ್‌ಮ್ಯಾನ್ ಹಾರುವುದು ನ್ಯೂಟನ್ನನ ಯಾವ ನಿಯಮಕ್ಕೆ ವಿರುದ್ಧ ಎಂದು ಹುಡುಗರಿಗೆ ಹೇಳುವಾಗ ಸ್ವಲ್ಪ ಪ್ರಯೋಜನಕ್ಕೆ ಬಂದಿದೆ.

ಈ ವಾದಕೂಟ ಶುರುವಾದದ್ದು ರವಿವಾರದ ಕನ್ನಡ ವರ್ಗದಿಂದ. ಕಾಲೋನಿಯ ಒಂದು ಕೋಣೆಯಲ್ಲಿ ನಮ್ಮ ಮಕ್ಕಳಿಗೆ ಧಾರವಾಡದ ಕಡೆಯ ಮಾಸ್ತರರೊಬ್ಬರು ಅಕ್ಷರ ಕಲಿಸುತ್ತಾರೆ. ಮಕ್ಕಳು ಬರುತ್ತಿದ್ದದ್ದು ತಾಯಂದಿರ ಕಣ್ಣಿಗೆ ಹೆದರಿ. ಒಂದು ದಿನ ಕಾಗುಣಿತದ ಪುಸ್ತಕದೊಳಗೆ ಇಂಗ್ಲಿಷ್ ಕಾಮಿಕ್ಸ್ ಅಡಗಿಸಿ ಓದುತ್ತಿದ್ದ ಹುಡುಗಿ ಸಿಕ್ಕಿಬಿದ್ದಳು. ಮಾಸ್ತರರು ಪುಸ್ತಕ ಕಸಿದುಕೊಳ್ಳಲಿಲ್ಲ. “ಆತು, ಇದರಾಗಿನ ಕಥಿ ಏನದ, ಕನ್ನಡದಾಗ ಹೇಳು ನೋಡೋಣ” ಎಂದರು. ಹುಡುಗಿ ಅರ್ಧ ಗಂಟೆ ತಡವರಿಸಿಕೊಂಡು ಹೇಳಿದಳು. ಉಳಿದವರು ನಡುನಡುವೆ ತಿದ್ದಿದರು, ಅದೂ ಕನ್ನಡದಲ್ಲಿ. ಮನೆಯಲ್ಲಿ “ನೀರು ಬೇಕು” ಎನ್ನುವುದಕ್ಕೂ ಮರಾಠಿ ಹಿಡಿಯುವ ಮಕ್ಕಳು ಇವು. ಅಂದಿನಿಂದ ವರ್ಗದ ಕೊನೆಯ ಒಂದು ತಾಸು ಕಾಮಿಕ್ಸಿಗೆ. ನಿಯಮ ಒಂದೇ: ಯಾವ ಭಾಷೆಯಲ್ಲಾದರೂ ಓದಿರಿ, ಜಗಳ ಮಾತ್ರ ಕನ್ನಡದಲ್ಲಿ.

ಮೊದಲ ಜಗಳವೇ ಒಂದು ಶಬ್ದದ ಮೇಲೆ ಬಂತು. ಒಂದು ಸಂಚಿಕೆಯಲ್ಲಿ ಹೇಳಿದ್ದಕ್ಕೂ ಮುಂದಿನದರಲ್ಲಿ ಹೇಳಿದ್ದಕ್ಕೂ ಹೊಂದಿಕೆ ಇರಬೇಕಲ್ಲ, ಅದಕ್ಕೆ ಮಕ್ಕಳು ಕಂಟಿನ್ಯೂಟಿ ಎನ್ನುತ್ತಾರೆ. ಮಾಸ್ತರರು ಅವಿಚ್ಛಿನ್ನತೆ ಎಂದರು. ಯಾರ ನಾಲಗೆಯೂ ಹೊರಳಲಿಲ್ಲ. ಕೊನೆಗೆ ನಾವು ಕಚೇರಿಯ ಶಬ್ದವನ್ನೇ ಕೊಟ್ಟೆವು: ತಾಳೆ. ಲೆಕ್ಕ ತಾಳೆಯಾಗುವ ಹಾಗೆ ಕಥೆ ತಾಳೆಯಾಗಬೇಕು. ಈಗ ಹತ್ತು ವರ್ಷದ ಪೋರರೂ “ಅಂಕಲ್, ಇದು ತಾಳೆ ಆಗಲ್ಲ” ಎಂದು ಲೆಕ್ಕ ತನಿಖೆಗೆ ಬಂದ ಅಧಿಕಾರಿಗಳಂತೆ ಮಾತನಾಡುತ್ತಾರೆ.

ನಮ್ಮ ಕಾಲದಲ್ಲಿ ತಾಳೆ ನೋಡುವ ಅನುಕೂಲ ಕಡಿಮೆ ಇತ್ತು. ನಮಗೆ ಸಿಗುತ್ತಿದ್ದದ್ದು ಊರಿನಿಂದ ಕಟ್ಟುಕಟ್ಟಾಗಿ ಬರುತ್ತಿದ್ದ ಹಳೆಯ ‘ಸುಧಾ’ದೊಳಗಿನ ಫ್ಯಾಂಟಮ್ ಪುಟ, ಮತ್ತು ರದ್ದಿ ಅಂಗಡಿಯ ಇಂದ್ರಜಾಲ ಕಾಮಿಕ್ಸ್. ಟೈಮ್ಸ್ ಆಫ್ ಇಂಡಿಯಾದವರು 1964ರಲ್ಲಿ ಆರಂಭಿಸಿ 1990ರವರೆಗೆ ನಡೆಸಿದ ಈ ಮಾಲೆ ಕನ್ನಡ, ಮರಾಠಿ ಸೇರಿ ಹಲವು ಭಾಷೆಗಳಲ್ಲಿ ಬರುತ್ತಿತ್ತು. ಒಂದು ಕಥೆ ಕನ್ನಡದಲ್ಲಿ, ಅದರ ಮುಂದಿನದು ಮರಾಠಿಯಲ್ಲಿ, ನಡುವಿನದು ಇಲ್ಲವೇ ಇಲ್ಲ. ಹೀಗೆ ಓದಿದವರು ನಾವು. ಇದ್ದ ಕಥೆಗೂ ಸಂಪಾದಕರ ಕತ್ತರಿ ಆಡಿರುತ್ತಿತ್ತು. ಮೂಲದಲ್ಲಿ ಫ್ಯಾಂಟಮ್‌ನ ನಾಡಿನ ಹೆಸರು ಬಂಗಾಳವನ್ನು ನೆನಪಿಸುವಂಥದು; ಇಂದ್ರಜಾಲದವರು ಅದನ್ನು ಡೆಂಕಾಲಿ ಮಾಡಿದರು. ಸಿಂಗ್ ಕಡಲುಗಳ್ಳರು ಸಿಂಗಾ ಆದರು. ರಾಮ ಎಂಬ ಕೊಲೆಗಾರನನ್ನು ರಾಮಾಲು ಎಂದು ಕರೆದರು. ನಮ್ಮ ದೇಶದ ಓದುಗರಿಗೆ ನೋವಾಗಬಾರದೆಂಬ ಎಚ್ಚರಿಕೆ ಅದು, ಸರಿಯಾದದ್ದೇ. ಅಮೆರಿಕದ ಕಥೆಗಾರನಿಗೆ ದರೋಡೆಕೋರ ಬೇಕಾದಾಗ ಕೈಗೆ ಸಿಕ್ಕಿದ್ದು ನಮ್ಮ ಹೆಸರು ಎಂಬುದು ಮಾತ್ರ ನಮಗೆ ದೊಡ್ಡವರಾದ ಮೇಲೆ ತಿಳಿಯಿತು.

ಫ್ಯಾಂಟಮ್‌ನ ಲೆಕ್ಕವನ್ನು ನಾವು ಒಮ್ಮೆ ಬೋರ್ಡಿನ ಮೇಲೆ ಹಾಕಿ ತೋರಿಸಿದೆವು. ಮೊದಲನೆಯವನು ತಲೆಬುರುಡೆಯ ಮೇಲೆ ಪ್ರತಿಜ್ಞೆ ಮಾಡಿದ್ದು 1536ರಲ್ಲಿ ಎಂದು ಕಥೆ. ಲೀ ಫಾಕ್ ಅವರು ಇಪ್ಪತ್ತೊಂದನೆಯವನನ್ನು ಪತ್ರಿಕೆಗೆ ತಂದದ್ದು 1936ರಲ್ಲಿ. ನಾನೂರು ವರ್ಷ, ಇಪ್ಪತ್ತು ಜನ. ತಲೆಗೆ ಇಪ್ಪತ್ತು ವರ್ಷ. ಅಂದರೆ ಕೇಂದ್ರ ಸರ್ಕಾರದಲ್ಲಿ ಸ್ವಯಂ ನಿವೃತ್ತಿಗೆ ಬೇಕಾದಷ್ಟೇ ಸೇವೆ! ಆದರೆ ಅವರಲ್ಲಿ ಯಾರೂ ನಿವೃತ್ತಿ ಪಡೆದವರಂತೆ ಕಾಣುವುದಿಲ್ಲ. ತಂದೆ ಸೇವೆಯಲ್ಲಿರುವಾಗಲೇ ತೀರಿಕೊಂಡು ಮಗನಿಗೆ ಅನುಕಂಪದ ಮೇಲೆ ನೇಮಕ ಆಗುವ ಪದ್ಧತಿ. ಇಪ್ಪತ್ತೊಂದನೆಯವನೋ 1936ರಿಂದ ಸುಮಾರು ತೊಂಬತ್ತು ವರ್ಷ ದುಡಿದಿದ್ದಾನೆ, 1977ರಲ್ಲಿ ಮದುವೆಯನ್ನೂ ಆದ, ಕೂದಲು ಮಾತ್ರ ನರೆತಿಲ್ಲ. ನಮಗೆ ಅರವತ್ತಕ್ಕೆ ಹಾರ ಹಾಕಿ ಕಳುಹಿಸುತ್ತಾರೆ.

ಮಕ್ಕಳು ಓದುವುದು ಇದಲ್ಲ. ಅವರದು ಮಾರ್ವೆಲ್, ಡಿ.ಸಿ. ಅಲ್ಲಿ ಸಾವಿರಾರು ಸಂಚಿಕೆಗಳು, ಅರವತ್ತು-ಎಂಬತ್ತು ವರ್ಷಗಳ ಹಿಂದಿನ ಮಾತನ್ನೂ ನೆನಪಿಟ್ಟು ಪ್ರಶ್ನಿಸುವ ಓದುಗರು. ಅದರೊಳಗಿನ ಒಂದು ಸಂಗತಿಯನ್ನು ಮಕ್ಕಳ ಬಾಯಿಂದ ಕೇಳಿ ನಾವು ಬಹಳ ಸಂತೋಷಪಟ್ಟೆವು. 1962ರ ಆರಂಭದ ‘ಫೆಂಟಾಸ್ಟಿಕ್ ಫೋರ್’ ಎರಡನೆಯ ಸಂಚಿಕೆಯಲ್ಲಿ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ ಇಬ್ಬರೂ ಸ್ಕ್ರಲ್ ಎಂಬ ಅನ್ಯಗ್ರಹವಾಸಿಗಳನ್ನು ತಂದರು. ಯಾವ ರೂಪ ಬೇಕಾದರೂ ತಾಳಬಲ್ಲ ಮಾಯಾವಿಗಳು, ನಮ್ಮ ಮಾರೀಚನ ಜಾತಿಯವರು. (ಮಾರೀಚ ಜಿಂಕೆಯಾದದ್ದೂ ಈ ನಾಸಿಕದ ಪಂಚವಟಿಯಲ್ಲೇ ಎಂದು ಇಲ್ಲಿನವರು ತೋರಿಸುತ್ತಾರೆ.) ಕಥೆಯ ಕೊನೆಗೆ ಅವರನ್ನು ಏನು ಮಾಡುವುದೆಂದು ತಿಳಿಯದೆ, ಹಸುಗಳಾಗುವಂತೆ ಹೇಳಿ, ತಾವು ಹಸುಗಳೇ ಎಂದು ನಂಬಿಸಿ ಹುಲ್ಲುಗಾವಲಿಗೆ ಬಿಟ್ಟುಬಿಟ್ಟರು. ನಗೆಯಲ್ಲಿ ಮುಗಿದ ಮಾತು. ಆದರೆ ಓದುಗರು ಮರೆಯಲಿಲ್ಲ, ಮುಂದೆ ಬಂದ ಲೇಖಕರೂ ಮರೆಯಲಿಲ್ಲ. 1971ರಲ್ಲಿ ಆ ಹಸುಗಳನ್ನು ಹುಡುಕಿಕೊಂಡು ಒಂದು ಕಥೆ ಬಂತು. 1983ರ ವಾರ್ಷಿಕ ಸಂಚಿಕೆಯಲ್ಲಿ ಜಾನ್ ಬರ್ನ್ ಇನ್ನೂ ಮುಂದೆ ಹೋಗಿ, ಆ ಹಸುಗಳ ಹಾಲು ಕುಡಿದ ಊರವರ ಗತಿ ಏನಾಯಿತು ಎಂದು ಬರೆದ! ಇಪ್ಪತ್ತೊಂದು ವರ್ಷಗಳ ನಂತರ. ಕಪಾಟಿನ ತಳದಲ್ಲಿ ಬಿದ್ದ ಕಡತವನ್ನು ಇಪ್ಪತ್ತೊಂದು ವರ್ಷಗಳ ಮೇಲೆ ಎತ್ತಿ, ಧೂಳು ಕೊಡವಿ, ಟಿಪ್ಪಣಿ ಬರೆದು ಮುಂದಕ್ಕೆ ಕಳುಹಿಸುವ ಗುಮಾಸ್ತರು ನಮ್ಮ ಇಲಾಖೆಯಲ್ಲಿ ಎಷ್ಟಿದ್ದಾರು? ಜಾನ್ ಬರ್ನ್‌ನ ಮೇಲೆ ನಮಗೆ ಅಂದಿನಿಂದ ಸಹೋದ್ಯೋಗಿಯ ಗೌರವ ಹುಟ್ಟಿದೆ.

ತಪ್ಪು ಹಿಡಿದವರಿಗೆ ಮಾರ್ವೆಲ್‌ನವರು ಬಹುಮಾನವನ್ನೂ ಇಟ್ಟಿದ್ದರಂತೆ. ತಪ್ಪು ಹಿಡಿದರೆ ಸಾಲದು, ಅದು ತಪ್ಪಲ್ಲ ಎಂದು ಸಮರ್ಥಿಸುವ ಕಾರಣವನ್ನೂ ಓದುಗನೇ ಒದಗಿಸಬೇಕು. ಬಹುಮಾನ ಏನೆಂದರೆ ಅಂಚೆಯಲ್ಲಿ ಬರುವ ಖಾಲಿ ಲಕೋಟೆ. 1967ರಿಂದ ಇಂಥ ಲಕೋಟೆಗಳನ್ನು ನಿಜವಾಗಿಯೂ ಕಳುಹಿಸುತ್ತಿದ್ದರು. ನಾವೂ ನಮ್ಮ ವರ್ಗದಲ್ಲಿ ಇದನ್ನು ಜಾರಿಗೆ ತಂದಿದ್ದೇವೆ. ಲಕೋಟೆ ಸ್ವಂತ ಖರ್ಚಿನದು, ಕಚೇರಿಯದಲ್ಲ.

ಮಾಸ್ತರರು ಮಾತ್ರ ಇದರಲ್ಲಿ ಹೊಸದೇನೂ ಇಲ್ಲ ಎನ್ನುತ್ತಾರೆ. 1961ರಲ್ಲಿ ಡಿ.ಸಿ.ಯವರಿಗೆ ಒಂದು ತೊಡಕು ಬಂತು. ಅವರ ಹಳೆಯ ಫ್ಲ್ಯಾಶ್ ಒಬ್ಬ, ಹೊಸ ಫ್ಲ್ಯಾಶ್ ಇನ್ನೊಬ್ಬ. ಇಬ್ಬರನ್ನೂ ಉಳಿಸಿಕೊಳ್ಳಲು ಎರಡು ಭೂಮಿಗಳಿವೆ ಎಂದರು. ಒಂದರ ವೀರ ಇನ್ನೊಂದರಲ್ಲಿ ಬರಿಯ ಕಾಮಿಕ್ಸ್ ಪಾತ್ರ. ಆ ಮೇಲೆ ಭೂಮಿಗಳು ಹೆಚ್ಚಿ ಹೆಚ್ಚಿ ಕೊನೆಗೆ 1985ರಲ್ಲಿ ಹನ್ನೆರಡು ಸಂಚಿಕೆಗಳ ಮಹಾಪ್ರಳಯ ತಂದು ಎಲ್ಲವನ್ನೂ ಒಂದು ಮಾಡಬೇಕಾಯಿತು. ಇದನ್ನು ಕೇಳಿ ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. “ಇದಕ್ಕ ನಮ್ಮವರು ಕಲ್ಪಭೇದ ಅಂತ ಎಂದೋ ಹೇಳ್ಯಾರ” ಎಂದರು. ಒಂದು ಪುರಾಣದಲ್ಲಿ ಹೀಗಿದೆ, ಇನ್ನೊಂದರಲ್ಲಿ ಹಾಗಿದೆ ಎಂದರೆ ವ್ಯಾಖ್ಯಾನಕಾರರು ಗಾಬರಿಯಾಗುವುದಿಲ್ಲ. ಇದು ಒಂದು ಕಲ್ಪದಲ್ಲಿ ನಡೆದದ್ದು, ಅದು ಇನ್ನೊಂದು ಕಲ್ಪದಲ್ಲಿ.

ಈ ಉತ್ತರದ ಬೆಲೆ ನಮಗೆ ಚೆನ್ನಾಗಿ ಗೊತ್ತು, ಯಾಕೆಂದರೆ ನಾವಿರುವ ರಸ್ತೆ ಅಂಥದು. ಸಾತಪುರದಿಂದ ತ್ರ್ಯಂಬಕದ ಬಸ್ಸು ಹತ್ತಿದರೆ ದಾರಿಯಲ್ಲಿ ಅಂಜನೇರಿ ಬೆಟ್ಟ. ಹನುಮಂತ ಹುಟ್ಟಿದ್ದು ಅಲ್ಲಿ ಎಂದು ಇಲ್ಲಿಯವರ ನಂಬಿಕೆ. ಊರಿಗೆ ಹೋದರೆ ಆನೆಗೊಂದಿಯ ಅಂಜನಾದ್ರಿ. ಅಲ್ಲಿ ಎಂದು ನಮ್ಮವರ ನಂಬಿಕೆ. 2021ರಲ್ಲಿ ತಿರುಪತಿಯವರು ತಮ್ಮ ಬೆಟ್ಟವೇ ಎಂದು ಸಾರಿದರು. 2022ರ ಮೇ ತಿಂಗಳಲ್ಲಿ ಈ ವಿಷಯಕ್ಕೆ ನಾಸಿಕದಲ್ಲೇ ಸಾಧುಗಳ ಸಭೆ ಸೇರಿ ಗದ್ದಲದಲ್ಲಿ ಮುಗಿಯಿತು. ಆ ವಾರ ಕಚೇರಿಯಲ್ಲಿ ಮರಾಠಿ ಗೆಳೆಯರು “ಕಾಯ್, ತುಮಚಾ ಹನುಮಾನ್ ಕೀ ಆಮಚಾ?” ಎಂದು ನಮ್ಮನ್ನು ಕೆಣಕಿದರು. ದೇವರನ್ನು ಕಾಮಿಕ್ಸಿನವರ ಸಾಲಿಗೆ ತರುವ ಉದ್ದೇಶ ನಮಗಿಲ್ಲ. ಆದರೆ ಕಲ್ಪಭೇದ ಎಂಬ ಒಂದು ಮಾತು ಗೊತ್ತಿದ್ದರೆ, ಎರಡೂ ಬೆಟ್ಟ ಹತ್ತಿ ಎರಡೂ ಕಡೆ ಕೈಮುಗಿದು ಬರಬಹುದು. ನಾವು ಹಾಗೆಯೇ ಮಾಡುತ್ತಿದ್ದೇವೆ.

ಇನ್ನು ಖಳರ ವಿಷಯ. ಇಲ್ಲಿ ವಾದ ಹೆಚ್ಚು ಕಾವೇರುತ್ತದೆ, ನಮಗೆ ಹೆಚ್ಚು ತಟ್ಟುವುದೂ ಇಲ್ಲಿಯೇ. 1934ರ ಫ್ಲ್ಯಾಶ್ ಗಾರ್ಡನ್‌ನಲ್ಲಿ ಮೊಂಗೋ ಎಂಬ ಗ್ರಹದ ಕ್ರೂರ ಚಕ್ರವರ್ತಿ ಮಿಂಗ್ ಇದ್ದಾನೆ. ಹೆಸರು ಚೀನದ ರಾಜವಂಶದ್ದು, ಮೀಸೆ ಉಡುಪು ಸಹ ಅಮೆರಿಕದವರು ಕಲ್ಪಿಸಿಕೊಂಡ ಚೀನದ್ದು. ಕೋಟಿ ಮೈಲಿ ದೂರದ ಗ್ರಹ, ಮುಖ ಮಾತ್ರ ತಾವು ಹೆದರುವ ಪರದೇಶಿಯದು. ಅನ್ಯಗ್ರಹದ ಖಳನ ಮುಖವನ್ನು ಗಮನವಿಟ್ಟು ನೋಡಿದರೆ, ಬರೆದವರ ಓಣಿಯಲ್ಲಿ ಯಾರನ್ನು ಕಂಡರೆ ಆಗುತ್ತಿರಲಿಲ್ಲ ಎಂಬುದು ತಿಳಿಯುತ್ತದೆ ಎಂಬುದು ನಮ್ಮ ಅಂಬೋಣ. 1960ರ ದಶಕದಲ್ಲಿ ಮುಂಬಯಿಯಲ್ಲಿ ದಕ್ಷಿಣದವರ ವಿರುದ್ಧ ಎದ್ದ ಕೂಗನ್ನು ಕೇಳಿದ ಹಿರಿಯರು ಈ ಪತ್ರಿಕೆಯ ಓದುಗರಲ್ಲಿ ಇದ್ದಾರು; ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ತಮಾಷೆಯೆಂದರೆ, 1938ರಲ್ಲಿ ಬಂದ ಸೂಪರ್‌ಮ್ಯಾನ್ ತಾನೇ ಅನ್ಯಗ್ರಹದವನು, ಅವನನ್ನು ಹುಟ್ಟಿಸಿದ ಸೀಗಲ್ ಮತ್ತು ಶುಸ್ಟರ್ ಇಬ್ಬರೂ ವಲಸೆ ಬಂದ ಯಹೂದಿ ಮನೆತನಗಳ ಮಕ್ಕಳು. ಹೊರಗಿನವನು ಒಳ್ಳೆಯ ಗುಮಾಸ್ತನಂತೆ ಕನ್ನಡಕ ಹಾಕಿಕೊಂಡು ತಲೆತಗ್ಗಿಸಿ ಪತ್ರಿಕಾ ಕಚೇರಿಯಲ್ಲಿ ಕೂತರೆ ಯಾರಿಗೂ ತೊಂದರೆಯಿಲ್ಲ.

ಗಲ್ಯಾಕ್ಟಸ್‌ನ ಪರವಾಗಿ ಎದ್ದು ನಿಂತವರು ಉಡುಪಿ ಕಡೆಯ ಹೋಟೆಲಿನ ಶೆಟ್ಟರು. ಮೊಮ್ಮಗನನ್ನು ಕರೆದೊಯ್ಯಲು ಬಂದವರು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದರು. ಹುಡುಗಪ್ರಾಯದಲ್ಲಿ ತಾಳಮದ್ದಳೆ ಕೇಳಿ ಬೆಳೆದವರು, ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಇಂದಿಗೂ ನೆನೆಯುವವರು. ತಾಳಮದ್ದಳೆಯ ಸೊಗಸೇ ಅದು: ವೇಷವಿಲ್ಲ, ಕುಣಿತವಿಲ್ಲ, ಎದುರಾಳಿಗೂ ತನ್ನ ಪಕ್ಷ ಹೇಳಿಕೊಳ್ಳುವ ಪೂರ್ತಿ ಅವಕಾಶ. ಶೆಟ್ಟರು ಕುರ್ಚಿ ಎಳೆದುಕೊಂಡು ಗಲ್ಯಾಕ್ಟಸ್‌ನ ಅರ್ಥ ಹೇಳಿದರು ನೋಡಿ! ನಾನು ದ್ವೇಷದಿಂದ ಬಂದವನಲ್ಲ, ನಿಮ್ಮ ಮೇಲೆ ನನಗೆ ಹಗೆಯಿಲ್ಲ, ನೀವು ಅನ್ನದಗುಳಿನ ಮೇಲೆ ಹಗೆ ಇಟ್ಟು ಉಣ್ಣುತ್ತೀರೋ, ನನ್ನ ಎಲೆಯ ಅಳತೆ ದೊಡ್ಡದಾದದ್ದು ನನ್ನ ಅಪರಾಧವೋ, ಎಂದು ಇಪ್ಪತ್ತು ನಿಮಿಷ. ಮಕ್ಕಳು ಬಾಯಿ ಬಿಟ್ಟು ಕೂತರು. ಥಾನೋಸ್‌ನ ಪಕ್ಷ ಹಿಡಿದ ಹುಡುಗನೊಬ್ಬ, ಸಿನಿಮಾದಲ್ಲಿ ಅವನೂ ಅನ್ನ ಸಾಲದೆಂದೇ ಅರ್ಧ ಜನರನ್ನು ಅಳಿಸಿದ ಎಂದ. ಪುಸ್ತಕ ಓದಿದ ಹುಡುಗಿ ಬಿಡಲಿಲ್ಲ: 2018ರ ಸಿನಿಮಾದಲ್ಲಿ ಹಾಗೆ, 1991ರ ಕಾಮಿಕ್ಸಿನಲ್ಲಿ ಅವನು ಮಾಡಿದ್ದು ಮೃತ್ಯುದೇವಿಯನ್ನು ಮೆಚ್ಚಿಸಲು, ತಾಳೆಯಾಗಲ್ಲ. ಶೆಟ್ಟರು, “ಹೆಣ್ಣನ್ನು ಮೆಚ್ಚಿಸಲಿಕ್ಕೆ ಕೊಂದವ ಖಳ. ಹಸಿವಿಗೆ ತಿಂದವನನ್ನು ಹೋಟೆಲಿನವರು ಖಳ ಹೇಳುದಿಲ್ಲ ಮಾರಾಯ” ಎಂದು ತೀರ್ಪು ಕೊಟ್ಟರು. ಹಣ ಕೊಡದೆ ತಿಂದವನ ವಿಷಯ ಬೇರೆ ಎಂದೂ ಸೇರಿಸಿದರು.

ಇನ್ನೊಂದು ದಿನದ ಪ್ರಶ್ನೆ, ಅನ್ಯಗ್ರಹದವರೆಲ್ಲ ಬಂದಿಳಿಯುವುದು ನ್ಯೂಯಾರ್ಕ್‌ನಲ್ಲೇ ಯಾಕೆ ಎಂಬುದು. ಬರೆದವರು ಅಲ್ಲಿದ್ದರು, ಅದಕ್ಕೆ ಎಂದು ನಾವು ಹೇಳಿದೆವು. ಅದು ನಿಜವೂ ಹೌದು. ಆದರೆ ಹಿಂದಿನ ಸಾಲಿನಿಂದ ಒಂದು ಉತ್ತರ ಬಂತು. ಯಾದಗಿರಿ ಕಡೆಯ ಹುಡುಗ, ಹತ್ತು ವರ್ಷದವನು. ತಂದೆ ತಾಯಿ ಇಬ್ಬರೂ ಪಕ್ಕದ ಕಟ್ಟಡದಲ್ಲಿ ಗಾರೆ ಕೆಲಸದವರು. “ಹೊರಗಿನವರು ಬಂದ್ರ ಕೆಲಸ ಇದ್ದ ಊರಿಗೇ ಬರ್ತಾರಲ್ರೀ, ಕೆಲಸ ಇಲ್ಲದ ಊರಿಗಿ ಯಾಕ ಬರ್ತಾರ?” ಎಂದ. ಯಾರೂ ನಗಲಿಲ್ಲ. ಆ ದಿನದ ಖಾಲಿ ಲಕೋಟೆ ಅವನಿಗೆ ಹೋಯಿತು. ಲಕೋಟೆ ಖಾಲಿ ಇರುವುದನ್ನು ನೋಡಿ ಅವನು ಎರಡು ಸಲ ಒಳಗೆ ಊದಿ ನೋಡಿದ.

ಪಾಲಿಕೆಯ ಮರಾಠಿ ಶಾಲೆಯಲ್ಲಿ ಆ ಲಿಪಿ ಕಲಿತದ್ದರಿಂದ ಅವನಿಗೆ ಹಿಂದಿ ಪುಸ್ತಕಗಳನ್ನು ಕೂಡಿಸಿ ಓದಲು ಬರುತ್ತಿತ್ತು. ನಮ್ಮ ಪೆಟ್ಟಿಗೆಯಲ್ಲಿ ಅವನಿಗೆ ಹಿಡಿಸಿದ್ದು ಚಾಚಾ ಚೌಧರಿ. ಪ್ರಾಣ್ ಅವರು 1971ರಲ್ಲಿ ಸೃಷ್ಟಿಸಿದ ಈ ಕೆಂಪು ರುಮಾಲಿನ ಮುದುಕರ ಮನೆಯಲ್ಲಿ ಗುರುಗ್ರಹದ ದೈತ್ಯ ಸಾಬೂ ಇದ್ದಾನೆ. ನಮಗೆ ಗೊತ್ತಿರುವ ಅನ್ಯಗ್ರಹದವರಲ್ಲಿ ಭೂಮಿಯನ್ನು ಗೆಲ್ಲುವ ಯೋಚನೆಯೇ ಇಲ್ಲದವನು ಇವನೊಬ್ಬ. ಚಾಚಿಯ ಅಡುಗೆಗೆ ಸೋತು ಉಳಿದುಕೊಂಡವನು, ಒಂದು ಊಟಕ್ಕೆ ನೂರೆಂಟು ಚಪಾತಿ ತಿನ್ನುವವನು. ಹುಡುಗನ ಪ್ರಶ್ನೆ ತಾಳೆಯದೇ ಆಗಿತ್ತು. ಸಾಬೂಗೆ ಅವ್ವ ಇಲ್ಲೇನು? ಇದ್ದರೆ ಅವಳಿಗೆ ರೊಕ್ಕ ಯಾರು ಕಳಿಸ್ತಾರ? ಚಾಚಿಯ ಕೂಡ ಅವನು ಹಿಂದಿ ಮಾತಾಡ್ತಾನ. ಸಿಟ್ಟು ಬಂದಾಗ ಯಾವ ಭಾಷಾದಾಗ ಬೈತಾನ?

ಇಂಗ್ಲಿಷ್ ಶಾಲೆಯ ನಮ್ಮ ಮಕ್ಕಳಿಗೆ ಇಷ್ಟು ಪುಸ್ತಕ ಓದಿಯೂ ಈ ಪ್ರಶ್ನೆ ಹೊಳೆದಿರಲಿಲ್ಲ. ನಮಗೂ ಹೊಳೆದಿರಲಿಲ್ಲ. ನಮ್ಮ ತಂದೆಯವರು ನಾಸಿಕಕ್ಕೆ ಬಂದು ಹಲವು ವರ್ಷಗಳಾಗಿದ್ದರೂ ಸಿಟ್ಟು ಬಂದಾಗ ಮಾತ್ರ ಅಪ್ಪಟ ಕನ್ನಡದಲ್ಲಿ ಬೈಯುತ್ತಿದ್ದರು.

ಇಷ್ಟರಲ್ಲಿ ಕಾರ್ಯಕಾರಿ ಸಮಿತಿಗೆ ದೂರು ಹೋಯಿತು. ಕನ್ನಡ ವರ್ಗದಲ್ಲಿ ಅಮೆರಿಕದ ರಾಕ್ಷಸರಿಗೇನು ಕೆಲಸ, ಕುಮಾರವ್ಯಾಸನ ಹೆಸರು ತಿಳಿಯದ ಮಕ್ಕಳಿಗೆ ಗಲ್ಯಾಕ್ಟಸ್‌ನ ವಂಶಾವಳಿ ಬೇಕೇ ಎಂದು ಹಿರಿಯ ಮಹಿಳೆಯೊಬ್ಬರು ಸಭೆಯಲ್ಲಿ ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ವಂತಿಗೆ ಕೊಡುವವರು ಕೊಡುವುದು ಕನ್ನಡಕ್ಕೆ. ನಾವು ಎದ್ದು ಎರಡು ಸಂಗತಿ ಅರಿಕೆ ಮಾಡಿಕೊಂಡೆವು. ಅಮರ ಚಿತ್ರಕಥೆಯನ್ನು ಬೆಳೆಸಿದ ಅನಂತ ಪೈ ಅವರು ಹುಟ್ಟಿದ್ದು ಕಾರ್ಕಳದಲ್ಲಿ. ಆ ಮಾಲೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ ಹನ್ನೊಂದರಿಂದ ಶುರುವಾಗುತ್ತದೆ, ಯಾಕೆಂದರೆ ಮೊದಲ ಹತ್ತು ಬಂದದ್ದು ಕನ್ನಡದಲ್ಲಿ, ಬೆಂಗಳೂರಿನ ಜಿ.ಕೆ. ಅನಂತರಾಮ್ ಅವರ ಯೋಚನೆ ಅದು. ಆ ಹತ್ತರಲ್ಲಿ ಇದ್ದದ್ದೂ ಪರದೇಶದ ಕಥೆಗಳೇ, ಸಿಂಡ್ರೆಲಾ ಮೊದಲಾದವು. ಸಭೆ ತಲೆಯಾಡಿಸಿತು, ಪೂರ್ತಿ ಒಪ್ಪಲಿಲ್ಲ. ಯುಗಾದಿಯವರೆಗೆ ನಡೆಯಲಿ, ಅಷ್ಟರಲ್ಲಿ ಪ್ರತಿ ಮಗುವೂ ತನಗೆ ಬೇಕಾದ ಖಳನ ಪರವಾಗಿ ಕನ್ನಡದಲ್ಲಿ ಒಂದು ಪುಟ ಬರೆದು ತೋರಿಸಬೇಕು ಎಂದು ಠರಾವು ಆಯಿತು. ಹನ್ನೊಂದು ಮಕ್ಕಳು ಬರೆದರು. ಒತ್ತಕ್ಷರಗಳ ಸ್ಥಿತಿ ಸ್ಕ್ರಲ್‌ಗಳು ಓಡಾಡಿ ಹೋದ ಹಾಗಿತ್ತು. ದೂರು ಕೊಟ್ಟ ಮಹಿಳೆಯೇ ಕೆಂಪು ಪೆನ್ನು ಹಿಡಿದು ಎಲ್ಲವನ್ನೂ ತಿದ್ದಿದರು. ಈಗ ಕಾಮಿಕ್ಸಿನ ತಾಸಿಗೆ ಮೊದಲು ಅರ್ಧ ತಾಸು ಅವರದು ಗಮಕ. ಕರ್ಣನ ಪ್ರಸಂಗ ಬಂದಾಗ ಮಕ್ಕಳು ಅವನು ಖಳನೋ ಅಲ್ಲವೋ ಎಂದು ಅವರನ್ನೂ ಬಿಡದೆ ಹಿಡಿದುಕೊಂಡರು.

ಯಾದಗಿರಿಯ ಹುಡುಗನ ಪುಟ ಆ ಹನ್ನೊಂದರಲ್ಲಿ ಇರಲಿಲ್ಲ. ಸಂಕ್ರಾಂತಿಯ ಹೊತ್ತಿಗೆ ಕಟ್ಟಡ ಮುಗಿಯಿತು, ಅವರ ತಂಡ ಪುಣೆಯ ಕಡೆ ಹೋಯಿತೆಂದು ಕಾವಲಿನವರು ಹೇಳಿದರು. ಕನ್ನಡದ ಅಕ್ಷರಗಳು ಅವನಿಗೆ ‘ಮ’ದವರೆಗೆ ಬಂದಿದ್ದವು. ಚಾಚಾ ಚೌಧರಿಯ ಒಂದು ಪುಸ್ತಕ ಅವನ ಹೆಸರಿನಲ್ಲಿ ಹೋದದ್ದು ವಾಪಸು ಬಂದಿಲ್ಲ. ವರ್ಷದ ಲೆಕ್ಕ ಮುಗಿಸುವಾಗ ಖಜಾಂಚಿಯವರು ಅದನ್ನು ಕಳೆದದ್ದೆಂದು ಬರೆದು ವಜಾ ಮಾಡೋಣ ಎಂದರು. ಬೇಡ, ಬಾಕಿ ಎಂದೇ ಇರಲಿ ಎಂದು ನಾವು ವಹಿಯಲ್ಲಿ ಆ ಸಾಲನ್ನು ಹೊಸ ಪುಟಕ್ಕೆ ಮುಂದುವರಿಸಿದ್ದೇವೆ.